ಯುರೋಪಿನ ಆರು ಊರುಗಳಲ್ಲಿ ಊಟ: ಎಲ್ಲಿ, ಯಾವಾಗ, ಏನು ಕೇಳಿ?

ಪ್ರಶ್ನೆ: ಸೆಪ್ಟೆಂಬರ್ ಕೊನೆಯಲ್ಲಿ ನಾವು ಐದು ಮಂದಿ ಎರಡು ವಾರದ ಮಟ್ಟಿಗೆ ಯುರೋಪಿಗೆ ಹೊರಟಿದ್ದೇವೆ. ಟೂರ್ ಕಂಪನಿಯ ಜೊತೆಗಲ್ಲ; ರೈಲು, ಹೋಟೆಲುಗಳನ್ನು ನಾವೇ ಕಾಯ್ದಿರಿಸಿಕೊಂಡಿದ್ದೇವೆ. ಪ್ಯಾರಿಸ್, ಲ್ಯೂಸರ್ನ್, ಫ್ಲಾರೆನ್ಸ್, ರೋಮ್, ವಿಯೆನ್ನಾ, ಪ್ರಾಗ್ ನಮ್ಮ ದಾರಿ. ಅತ್ತೆಗೆ 71 ವರ್ಷ. ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ನಾನೂ ಮಗಳೂ ಮೊಟ್ಟೆ ತಿನ್ನುತ್ತೇವೆ, ಮಾಂಸ ಇಲ್ಲ. ಯಜಮಾನರಿಗೂ 17 ವರ್ಷದ ಮಗನಿಗೂ ಯಾವ ಕಟ್ಟುಪಾಡೂ ಇಲ್ಲ. ಯಜಮಾನರಿಗೆ ಅಲ್ಲಿನ ವೈನ್, ಬಿಯರ್ ಸವಿಯುವ ಆಸೆಯಿದೆ. ಹೋಗಿಬಂದವರ ಮಾತು ಕೇಳಿ ಗಾಬರಿಯಾಗಿದೆ. ‘ರೈಸ್ ಕುಕ್ಕರ್ ಒಯ್ಯಿರಿ, ಇಲ್ಲದಿದ್ದರೆ ಬ್ರೆಡ್ಡೇ ಗತಿ’, ‘ಇಂಡಿಯನ್ ರೆಸ್ಟೋರೆಂಟ್ ಬಿಟ್ಟು ಬೇರೆಲ್ಲೂ ಕಾಲಿಡಬೇಡಿ’, ‘ನಲ್ಲಿ ನೀರು ಕುಡಿಯಬೇಡಿ, ಬಾಟಲಿ ನೀರು ಬಿಯರ್‌ಗಿಂತ ದುಬಾರಿ’ ಎನ್ನುತ್ತಾರೆ. ಇದರಲ್ಲಿ ನಿಜವೆಷ್ಟು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ತಟ್ಟೆಗೆ ಬಂದ ಪದಾರ್ಥದಲ್ಲಿ ಏನೇನು ಸೇರಿದೆ ಎಂಬುದು ಮೊದಲನೆಯದು. ಹಸಿವಾದ ಹೊತ್ತಿಗೆ ಊಟ ಸಿಕ್ಕೀತೇ ಎಂಬುದು ಎರಡನೆಯದು. ಎಲ್ಲರೂ ಎಚ್ಚರಿಸುವುದು ಮೊದಲನೆಯದರ ಬಗ್ಗೆ. ಆದರೆ ನಮ್ಮ ಕಡೆಯ ಕುಟುಂಬಗಳಿಗೆ ಪ್ರವಾಸ ಯೋಜಿಸಿಕೊಟ್ಟು, ಹಲವು ಬಾರಿ ಅವರ ಜೊತೆಗೇ ಹೋಗಿಬಂದ ಅನುಭವದಲ್ಲಿ ಹೇಳುವುದಾದರೆ, ಜನರನ್ನು ನಿಜವಾಗಿ ಪೇಚಿಗೆ ಸಿಲುಕಿಸುವುದು ಎರಡನೆಯದು. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ಪ್ಯಾರಿಸ್ಸಿನ ಹೆಚ್ಚಿನ ರೆಸ್ಟೋರೆಂಟುಗಳಲ್ಲಿ ಮಧ್ಯಾಹ್ನದ ಅಡುಗೆಮನೆ 12ಕ್ಕೆ ತೆರೆದು 2 ಗಂಟೆಯ ಸುಮಾರಿಗೆ ಮುಚ್ಚುತ್ತದೆ, ಮತ್ತೆ ಒಲೆ ಹೊತ್ತುವುದು ಸಂಜೆ 7 ಅಥವಾ 7.30ಕ್ಕೆ. ಇಟಲಿಯಲ್ಲಿ ಇದು 12.30ರಿಂದ 2.30, ರಾತ್ರಿ 7.30ರ ಮೇಲೆ. ವಸ್ತುಸಂಗ್ರಹಾಲಯ ನೋಡಿಕೊಂಡು ಮೂರು ಗಂಟೆಗೆ ಹೊರಬಂದವರಿಗೆ ಬಾಗಿಲು ತೆರೆದ ಹೋಟೆಲುಗಳು ಕಾಣುತ್ತವೆ, ಆದರೆ ಒಳಗೆ ಸಿಗುವುದು ಕಾಫಿ, ಕೇಕು, ಆಮ್ಲೆಟ್ಟು ಅಥವಾ ಹಂದಿಮಾಂಸದ ಸ್ಯಾಂಡ್‌ವಿಚ್ಚು ಮಾತ್ರ. ‘ಅಲ್ಲಿ ಸಸ್ಯಾಹಾರಿಗಳಿಗೆ ಏನೂ ಸಿಗುವುದಿಲ್ಲ’ ಎಂಬ ದೂರಿನ ಬಹುಪಾಲು ಹುಟ್ಟುವುದು ಈ ಮೂರು ಗಂಟೆಯ ಹಸಿವಿನಿಂದ. ಇದರ ಮೇಲೆ ಭಾನುವಾರದ ಸಮಸ್ಯೆ ಬೇರೆ: ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳಲ್ಲಿ ಅಂದು ಸೂಪರ್‌ಮಾರ್ಕೆಟ್ಟುಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನವು ಮಾತ್ರ ತೆರೆದಿರುತ್ತವೆ. ಪ್ಯಾರಿಸ್ಸಿನಲ್ಲಿ ಭಾನುವಾರವೋ ಸೋಮವಾರವೋ ರಜೆ ಮಾಡುವ ರೆಸ್ಟೋರೆಂಟುಗಳು ಬಹಳ.

ಹಾಗಾಗಿ ಹಗಲಿನ ಊಟವನ್ನೇ ದಿನದ ದೊಡ್ಡ ಊಟ ಮಾಡಿಕೊಳ್ಳಿ, ಪ್ರೇಕ್ಷಣೀಯ ಸ್ಥಳಗಳ ಟಿಕೆಟ್ ಕಾಯ್ದಿರಿಸುವಾಗ 12.30ರಿಂದ 1.30ರ ತನಕದ ಹೊತ್ತನ್ನು ಖಾಲಿ ಬಿಡಿ. ಇದರಲ್ಲಿ ಹಣದ ಲಾಭವೂ ಇದೆ. ಪ್ಯಾರಿಸ್ಸಿನಲ್ಲಿ ವಾರದ ದಿನಗಳ ಮಧ್ಯಾಹ್ನ ‘ಫಾರ್ಮ್ಯೂಲ್’ ಎಂಬ ಎರಡು ಅಥವಾ ಮೂರು ಬಗೆಯ ನಿಗದಿತ ಊಟವಿರುತ್ತದೆ. ಅದೇ ಅಡುಗೆಮನೆಯ ಅದೇ ಪದಾರ್ಥಗಳಿಗೆ ರಾತ್ರಿ ಸಾಕಷ್ಟು ಹೆಚ್ಚು ತೆರಬೇಕಾಗುತ್ತದೆ. ಅತ್ತೆಯವರ ಮಾತ್ರೆಯ ವಿಷಯದಲ್ಲಿ ಒಂದು ಮಾತು: ಸೆಪ್ಟೆಂಬರಿನಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ, ರಾತ್ರಿಯೂಟವೂ ತಡ. ಮಾತ್ರೆಯ ಹೊತ್ತನ್ನು ಹೇಗೆ ಹೊಂದಿಸಬೇಕೆಂದು ಹೊರಡುವ ಮೊದಲೇ ಅವರ ವೈದ್ಯರಿಂದ ಬರೆಸಿಕೊಳ್ಳಿ, ಸಂಜೆ ಐದಕ್ಕೆ ತಿನ್ನಲು ಒಗ್ಗರಣೆ ಅವಲಕ್ಕಿಯೋ ಹುರಿಗಡಲೆಯೋ ಅವರ ಕೈಚೀಲದಲ್ಲೇ ಇರಲಿ.

ಇನ್ನು ಪದಾರ್ಥದ ವಿಷಯ. ಅಲ್ಲಿ ‘ವೆಜಿಟೇರಿಯನ್’ ಎಂದರೆ ಮಾಂಸ, ಮೀನು ಇಲ್ಲ ಎಂದಷ್ಟೇ ಅರ್ಥ. ಮೊಟ್ಟೆ ಅದರೊಳಗೇ ಬರುತ್ತದೆ. ನಿಮಗೂ ಮಗಳಿಗೂ ಅಷ್ಟು ಸಾಕು. ಅತ್ತೆಯವರಿಗಾಗಿ ಕೇಳುವಾಗ ‘ವೀಗನ್’, ಅಂದರೆ ಹಾಲು, ಮೊಟ್ಟೆ ಸೇರಿದಂತೆ ಪ್ರಾಣಿಮೂಲದ ಏನೂ ಇಲ್ಲದ್ದು, ಎಂದು ಕೇಳುವುದೇ ಭದ್ರ. ಹಾಲು, ಬೆಣ್ಣೆ, ಮೊಸರು ನಡೆಯುತ್ತದೆಂದು ಆಮೇಲೆ ಸೇರಿಸಿ ಹೇಳಿದರಾಯಿತು. ಮೊದಲು ವೆಜಿಟೇರಿಯನ್ ಎಂದು ಹೇಳಿ ಆಮೇಲೆ ಮೊಟ್ಟೆ ಬೇಡ ಎನ್ನುವುದಕ್ಕಿಂತ ಇದು ಅಡುಗೆಯವರಿಗೆ ಬೇಗ ತಿಳಿಯುತ್ತದೆ.

ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲದ, ಆದರೆ ಬಹಳ ಉಪಯೋಗದ ಸಾಧನವೊಂದಿದೆ. ಐರೋಪ್ಯ ಒಕ್ಕೂಟದ ಕಾನೂನಿನ ಪ್ರಕಾರ, ಅಲರ್ಜಿ ತರಬಲ್ಲ 14 ಪದಾರ್ಥಗಳಲ್ಲಿ ಯಾವುದು ಯಾವ ತಿನಿಸಿನಲ್ಲಿದೆ ಎಂಬುದನ್ನು ರೆಸ್ಟೋರೆಂಟುಗಳು ಗ್ರಾಹಕರಿಗೆ ತಿಳಿಸಲೇಬೇಕು. ಮೊಟ್ಟೆ, ಮೀನು, ಹಾಲು ಆ ಪಟ್ಟಿಯಲ್ಲಿವೆ. ವಿಯೆನ್ನಾದ ಮೆನುಗಳಲ್ಲಿ ಪ್ರತಿ ತಿನಿಸಿನ ಹೆಸರಿನ ಪಕ್ಕ ಸಣ್ಣ ಅಕ್ಷರಗಳು ಮುದ್ರಿತವಾಗಿರುತ್ತವೆ: ‘ಎ’ ಎಂದರೆ ಗೋಧಿಯಂಥ ಧಾನ್ಯ, ‘ಸಿ’ ಎಂದರೆ ಮೊಟ್ಟೆ, ‘ಡಿ’ ಮೀನು, ‘ಜಿ’ ಹಾಲು. ಪ್ರಾಗಿನಲ್ಲಿ ಅಕ್ಷರದ ಬದಲು ಅಂಕಿ: 3 ಮೊಟ್ಟೆ, 4 ಮೀನು, 7 ಹಾಲು. ಭಾಷೆ ಬಾರದಿದ್ದರೂ ಅತ್ತೆಯವರೇ ಕನ್ನಡಕ ಹಾಕಿಕೊಂಡು ‘ಸಿ’ ಇದೆಯೋ ಇಲ್ಲವೋ ನೋಡಿಕೊಳ್ಳಬಹುದು. ಆದರೆ ಈ ಪಟ್ಟಿಯ ಮಿತಿಯನ್ನೂ ತಿಳಿದಿರಬೇಕು. ಹಂದಿಯ ಕೊಬ್ಬು, ಮಾಂಸದ ಸಾರು, ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್, ಹಾಲನ್ನು ಹೆಪ್ಪುಗಟ್ಟಿಸಿ ಚೀಸ್ ಮಾಡಲು ಬಳಸುವ ಪ್ರಾಣಿಜನ್ಯ ರೆನೆಟ್ ಇವು ಯಾವುವೂ ಅದರಲ್ಲಿಲ್ಲ, ಏಕೆಂದರೆ ಅದು ಅಲರ್ಜಿಯ ಪಟ್ಟಿಯೇ ಹೊರತು ಸಸ್ಯಾಹಾರದ ಪಟ್ಟಿಯಲ್ಲ.

ಕಾಣದೆ ಸೇರಿಕೊಳ್ಳುವುದು ಹೆಚ್ಚಾಗಿ ಈ ನಾಲ್ಕು. ಫ್ರಾನ್ಸಿನ ಪ್ರಸಿದ್ಧ ಈರುಳ್ಳಿ ಸೂಪನ್ನು ರೂಢಿಯಲ್ಲಿ ಮಾಡುವುದು ದನದ ಮೂಳೆಯ ಸಾರಿನಲ್ಲಿ. ಇಟಲಿಯ ರಿಸೊಟ್ಟೊ ಎಂಬ ಅನ್ನದ ತಿನಿಸಿಗೂ ಮಾಂಸದ ಸಾರು ಹಾಕುವುದುಂಟು. ಪನ್ನಾ ಕೊತ್ತಾದಂಥ ಸಿಹಿಗಳು ಗಟ್ಟಿಯಾಗುವುದು ಜೆಲಟಿನ್‌ನಿಂದ. ರೋಮಿನಲ್ಲಿ ಕುಂಬಳದ ಜಾತಿಯ ಹೂವನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಕೊಡುತ್ತಾರೆ. ನೋಡಿದರೆ ನಮ್ಮ ಬಜ್ಜಿಯೇ, ಆದರೆ ಒಳಗೆ ಚೀಸಿನ ಜೊತೆ ಆಂಚೊವಿ ಎಂಬ ಪುಟ್ಟ ಮೀನು ಅಡಗಿರುತ್ತದೆ. ಚೀಸಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಪಾರ್ಮಿಜಾನೊ ರೆಜಾನೊ ಎಂಬ ಹೆಸರಿನಲ್ಲಿ ಮಾರಬೇಕಾದರೆ ಅದನ್ನು ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕಿಯೇ ಹೆಪ್ಪುಗಟ್ಟಿಸಬೇಕೆಂಬ ನಿಯಮವಿದೆ. ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್, ಸ್ವಿಟ್ಜರ್ಲೆಂಡಿನ ಗ್ರುಯೇರ್‌ಗೂ ಕರುವಿನದೇ. ಇದನ್ನು ಅತ್ತೆಯವರಿಂದ ಮುಚ್ಚಿಡಬೇಡಿ. ಮನೆಯಲ್ಲೇ ಹೇಳಿ, ಅವರ ನಿರ್ಧಾರ ಕೇಳಿಕೊಂಡು ಹೊರಡಿ. ಪ್ರವಾಸದ ನಡುವೆ ಯಾರಿಂದಲೋ ತಿಳಿದು ಉಳಿದ ದಿನಗಳಲ್ಲಿ ಊಟವನ್ನೇ ಬಿಟ್ಟ ಹಿರಿಯರನ್ನು ನೋಡಿದ್ದೇನೆ. ಚೀಸ್ ಬೇಡವೆಂದರೂ ದಾರಿ ಮುಚ್ಚುವುದಿಲ್ಲ, ವಿಶೇಷವಾಗಿ ಇಟಲಿಯಲ್ಲಿ.

ನಿಮ್ಮ ಆರು ಊರುಗಳಲ್ಲಿ ಅತ್ತೆಯವರು ಅತ್ಯಂತ ನೆಮ್ಮದಿಯಾಗಿ ಉಣ್ಣುವುದು ಫ್ಲಾರೆನ್ಸ್ ಮತ್ತು ರೋಮಿನಲ್ಲೇ ಎಂದು ಧೈರ್ಯವಾಗಿ ಹೇಳಬಲ್ಲೆ. ಪಿಟ್ಸಾ ಮರಿನಾರಾ ಎಂಬುದಿದೆ. ಟೊಮೆಟೊ, ಬೆಳ್ಳುಳ್ಳಿ, ಒರಿಗಾನೊ, ಆಲಿವ್ ಎಣ್ಣೆ ಅಷ್ಟೇ, ಚೀಸ್ ಇಲ್ಲ. ಒಣಗಿದ ಪಾಸ್ತಾ, ಅಂದರೆ ಸ್ಪಗೆಟ್ಟಿ, ಪೆನ್ನೆ ಮೊದಲಾದವು, ಗೋಧಿರವೆ ಮತ್ತು ನೀರಿನಿಂದ ಮಾಡಿದ್ದು. ತಾಜಾ ಪಾಸ್ತಾ, ಅಂದರೆ ಫ್ಲಾರೆನ್ಸಿನಲ್ಲಿ ಹೆಚ್ಚಾಗಿ ಕಾಣುವ ಪಪ್ಪರ್ದೆಲ್ಲೆ, ತಾಲ್ಯಾತೆಲ್ಲೆಗಳಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಆದ್ದರಿಂದ ‘ಪೆನ್ನೆ ಅಲ್ಲಾರ್ರಬ್ಯಾತಾ’ ಎಂದು ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನ ಖಾರ. ದಾವಣಗೆರೆಯ ನಾಲಗೆಗೆ ಖಾರ ಸಾಲದೆನಿಸಿದರೂ ಸಪ್ಪೆ ಎನಿಸದು. ಮೇಲೆ ಚೀಸ್ ಉದುರಿಸಬೇಡಿ ಎನ್ನಲು ‘ಸೆನ್ಸಾ ಫೊರ್ಮಾಜೊ’, ಮೊಟ್ಟೆ ಬೇಡ ಎನ್ನಲು ‘ಸೆನ್ಸಾ ಉವೋವಾ’ ಎಂದರೆ ಸಾಕು. ಫ್ಲಾರೆನ್ಸಿನ ಹಳೆಯ ಬಡವರ ಅಡುಗೆಗಳಾದ ಪಪ್ಪಾ ಅಲ್ ಪೊಮೊದೊರೊ ಮತ್ತು ರಿಬೊಲ್ಲೀತಾಗಳನ್ನು ತಪ್ಪಿಸಬೇಡಿ. ಮೊದಲನೆಯದು ಹಳೆಯ ಬ್ರೆಡ್ಡನ್ನು ಟೊಮೆಟೊದಲ್ಲಿ ಮೆತ್ತಗಾಗುವವರೆಗೆ ಬೇಯಿಸಿದ್ದು, ಎರಡನೆಯದು ಕಾಳು, ಸೊಪ್ಪು, ಬ್ರೆಡ್ಡು ಹಾಕಿ ಕುದಿಸಿ ಮರುದಿನ ಮತ್ತೆ ಕುದಿಸಿದ್ದು. ಹಲ್ಲಿಗೂ ಹೊಟ್ಟೆಗೂ ಹಿತ. ಸಾರು ತರಕಾರಿಯದೇ ಎಂದು ಮಾತ್ರ ಕೇಳಿಕೊಳ್ಳಿ. ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಅದು ಟಸ್ಕನಿಯ ಪದ್ಧತಿ. ಮೇಜಿನ ಮೇಲಿನ ಆಲಿವ್ ಎಣ್ಣೆಯಲ್ಲಿ ಶೇಂಗಾ ಚಟ್ನಿಪುಡಿ ಕಲಸಿ ಆ ಬ್ರೆಡ್ಡಿಗೆ ಹಚ್ಚಿಕೊಂಡವರು ಅದನ್ನು ಮರೆಯುವುದಿಲ್ಲ.

ರೋಮಿನಲ್ಲಿ ‘ಪಿಟ್ಸಾ ಅಲ್ ತಾಲ್ಯೊ’ ಅಂಗಡಿಗಳಲ್ಲಿ ಕತ್ತರಿಸಿ ತೂಕಕ್ಕೆ ಕೊಡುತ್ತಾರೆ, ಮಧ್ಯಾಹ್ನದ ಮೂರು ಗಂಟೆಗೂ ಸಿಗುತ್ತದೆ, ಕಣ್ಣೆದುರಿಗಿರುವುದನ್ನು ತೋರಿಸಿ ಕೇಳಬಹುದು. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ಬೆಲೆ, ಮೇಜಿನಲ್ಲಿ ಕುಳಿತರೆ ಇನ್ನೊಂದು. ಪ್ರವಾಸಿಗರ ಚೌಕಗಳಲ್ಲಿ ಎರಡನೆಯದು ಹಲವು ಪಟ್ಟು ಆಗಬಹುದು, ಅದು ಮೋಸವಲ್ಲ, ಬೆಲೆಪಟ್ಟಿಯಲ್ಲಿ ಬರೆದೇ ಇರುತ್ತದೆ. ಬಿಲ್ಲಿನಲ್ಲಿ ತಲೆಗಿಷ್ಟು ಎಂದು ‘ಕೊಪೆರ್ತೊ’ ಎಂಬ ಶುಲ್ಕ ಕಂಡರೆ ಫ್ಲಾರೆನ್ಸಿನಲ್ಲಿ ಜಗಳವಾಡಬೇಡಿ, ಅದು ಅಲ್ಲಿನ ರೂಢಿ. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯದಲ್ಲಿ 2006ರ ಕಾನೂನು ಅದನ್ನು ನಿಷೇಧಿಸಿದೆ. ಅಲ್ಲಿ ಅದು ಬ್ರೆಡ್ಡಿನ ಹೆಸರಿನಲ್ಲಿ ಬರುತ್ತದೆ, ಬ್ರೆಡ್ಡು ಬೇಡವೆಂದು ಮೊದಲೇ ಹಿಂದಿರುಗಿಸುವ ಹಕ್ಕು ನಿಮಗಿದೆ.

ಪ್ಯಾರಿಸ್ಸಿನಲ್ಲಿ ಬೇಕರಿಯೇ ಅರ್ಧ ಹೊಟ್ಟೆ ತುಂಬಿಸುತ್ತದೆ. ‘ಟ್ರಡಿಷನ್’ ಎಂಬ ಉದ್ದನೆಯ ಬ್ರೆಡ್ಡಾದ ಬಗೆಟ್‌ಗೆ ಹಿಟ್ಟು, ನೀರು, ಉಪ್ಪು, ಹುದುಗು ಮಾತ್ರ ಹಾಕಬೇಕೆಂದು 1993ರ ಸರ್ಕಾರಿ ಆದೇಶವಿದೆ, ಹಾಗಾಗಿ ಅದು ಅತ್ತೆಯವರಿಗೆ ನಿಶ್ಚಿಂತೆ. ಕ್ರೊಸಾಂಟ್ ಹೊಳೆಯುವುದು ಮಾತ್ರ ಮೇಲೆ ಸವರಿದ ಮೊಟ್ಟೆಯಿಂದ. ಊಟಕ್ಕೆ ಮರೇ ಬಡಾವಣೆಯ ರೂ ದೆ ರೋಸಿಯೆ ಬೀದಿಯ ಫಲಾಫೆಲ್ ಅಂಗಡಿಗಳು ಒಳ್ಳೆಯ ಆಯ್ಕೆ: ಕಡಲೆಯ ವಡೆ, ಎಳ್ಳಿನ ಚಟ್ನಿ, ಬದನೆಕಾಯಿ, ಕೋಸು. ಯಹೂದಿಗಳ ಅಂಗಡಿಗಳಾದ್ದರಿಂದ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯ ತನಕ ಹೆಚ್ಚಿನವು ಮುಚ್ಚಿರುತ್ತವೆ. ಅತ್ತೆಯವರಿಗೆ ಇಡ್ಲಿಯ ನೆನಪು ಕಾಡಿದರೆ ಗಾರ್ ದ್ಯು ನಾರ್ ನಿಲ್ದಾಣದಿಂದ ಲಾ ಶಪೆಲ್ ಕಡೆಗೆ ನಡೆಯಿರಿ. ಶ್ರೀಲಂಕಾದ ತಮಿಳರು ನೆಲೆಸಿರುವ ಆ ಬೀದಿಗಳಲ್ಲಿ ದೋಸೆ, ಇಡ್ಲಿ, ಸಾಂಬಾರು ಪ್ಯಾರಿಸ್ಸಿನ ಲೆಕ್ಕಕ್ಕೆ ಅಗ್ಗವಾಗಿಯೇ ಸಿಗುತ್ತವೆ.

ಲ್ಯೂಸರ್ನ್‌ನಲ್ಲಿ ಸಮಸ್ಯೆ ಸಸ್ಯಾಹಾರದ್ದಲ್ಲ, ಬೆಲೆಯದು. ಐದು ಮಂದಿ ರೆಸ್ಟೋರೆಂಟಿನಲ್ಲಿ ದಿನಕ್ಕೆ ಎರಡು ಹೊತ್ತು ಕುಳಿತರೆ ಬಜೆಟ್ ಅಲ್ಲೇ ಕರಗುತ್ತದೆ. ಹೋಟೆಲ್ ರದ್ದು ಮಾಡಲು ಇನ್ನೂ ಅವಕಾಶವಿದ್ದರೆ ಈ ಒಂದು ಊರಿನಲ್ಲಿ ಅಡುಗೆಮನೆಯಿರುವ ಅಪಾರ್ಟ್‌ಮೆಂಟಿಗೆ ಬದಲಾಯಿಸಿಕೊಳ್ಳಿ ಎಂಬುದು ನನ್ನ ಸಲಹೆ. ಮಿಗ್ರೋಸ್, ಕೂಪ್ ಅಂಗಡಿಗಳಲ್ಲಿ ಅಕ್ಕಿ, ಗಟ್ಟಿ ಮೊಸರು, ತರಕಾರಿ ಎಲ್ಲವೂ ಸಿಗುತ್ತದೆ. ಪ್ರವಾಸದ ನಾಲ್ಕೈದನೆಯ ದಿನಕ್ಕೆ ಬರುವ ಮೊಸರನ್ನ ಇಡೀ ಮನೆಯ ಮನಸ್ಥಿತಿಯನ್ನು ಬದಲಿಸುತ್ತದೆ. ಹೊರಗೆ ಉಣ್ಣುವುದಾದರೆ ಅದೇ ಅಂಗಡಿಗಳ ಸ್ವಸಹಾಯ ರೆಸ್ಟೋರೆಂಟುಗಳು, ಅಥವಾ ರೈಲು ನಿಲ್ದಾಣದಲ್ಲಿರುವ ಟಿಬಿಟ್ಸ್ ಎಂಬ ಸಸ್ಯಾಹಾರಿ ಬಫೆ ನೋಡಿ. ಜ್ಯೂರಿಕ್ ಕಡೆ ಒಂದು ದಿನ ಹೋದರೆ 1898ರಲ್ಲಿ ಶುರುವಾದ ಹಿಲ್ಟ್ಲ್ ಇದೆ, ಜಗತ್ತಿನ ಅತ್ಯಂತ ಹಳೆಯ ಸಸ್ಯಾಹಾರಿ ರೆಸ್ಟೋರೆಂಟ್ ಎಂದು ಗಿನ್ನೆಸ್ ದಾಖಲೆಗೆ ಸೇರಿದ್ದು. ಎರಡೂ ಕಡೆ ತಟ್ಟೆಯನ್ನು ತೂಗಿ ಹಣ ಪಡೆಯುತ್ತಾರೆ, ಹಾಗಾಗಿ ಅನ್ನ, ಬೀಟ್‌ರೂಟ್ ಪಲ್ಯದಂಥ ಭಾರದ ಪದಾರ್ಥಗಳನ್ನು ನೋಡಿಕೊಂಡು ಬಡಿಸಿಕೊಳ್ಳಿ. ಕರಗಿಸಿದ ಚೀಸಿನಲ್ಲಿ ಬ್ರೆಡ್ಡು ಅದ್ದಿ ತಿನ್ನುವ ಫಾಂಡ್ಯೂ ಬಗ್ಗೆ ಒಂದೇ ಎಚ್ಚರ: ಅದರ ಚೀಸನ್ನು ಕರಗಿಸುವುದು ಬಿಳಿ ವೈನಿನಲ್ಲಿ, ಮೇಲೆ ಚೆರ್ರಿ ಹಣ್ಣಿನ ಮದ್ಯವನ್ನೂ ಹಾಕುತ್ತಾರೆ, ಕುದಿಸಿದರೂ ಅದು ಪೂರ್ತಿ ಆರಿಹೋಗುವುದಿಲ್ಲ.

ವಿಯೆನ್ನಾದ ಕಾಫಿಹೌಸಿನಲ್ಲಿ ಒಂದು ಮೆಲಾಂಜ್ ಕಾಫಿಗೆ ಎಷ್ಟು ಹೊತ್ತು ಕುಳಿತರೂ ಯಾರೂ ಎಬ್ಬಿಸುವುದಿಲ್ಲ. ನಡೆದು ದಣಿದ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ವಿಶ್ರಾಂತಿಯಿಲ್ಲ. ಸೇಬಿನ ಸ್ಟ್ರೂಡೆಲ್‌ನ ಹಾಳೆಯಂಥ ಹಿಟ್ಟನ್ನು ಹಲವರು ಮೊಟ್ಟೆಯಿಲ್ಲದೆ ಮಾಡುತ್ತಾರೆ, ಆದರೂ ‘ಸಿ’ ಅಕ್ಷರ ನೋಡಿಯೇ ಕೇಳಿ. ಪ್ರಾಗಿನಲ್ಲಿ ಸಸ್ಯಾಹಾರಿಗಳಿಗೆಂದು ಎಲ್ಲರೂ ತೋರಿಸುವ ಕರಿದ ಚೀಸ್, ‘ಸ್ಮಾಜೆನಿ ಸಿರ್’, ಮೊಟ್ಟೆಯಲ್ಲಿ ಅದ್ದಿ ಕರಿದದ್ದು, ಜೊತೆಗಿನ ಸಾಸಿನಲ್ಲೂ ಮೊಟ್ಟೆಯಿದೆ. ಅದು ನಿಮಗೂ ಮಗಳಿಗೂ ಸರಿ. ಅತ್ತೆಯವರಿಗೆ ಬೇಯಾಸ್ ಎಂಬ ಸಸ್ಯಾಹಾರಿ ಧಾಬಾದ ಶಾಖೆಗಳಿವೆ. ದಾಲ್, ಅನ್ನ, ಪಲ್ಯಗಳನ್ನು ತೂಕಕ್ಕೆ ಕೊಡುತ್ತಾರೆ.

ಹಾಗಿದ್ದರೆ ಇಂಡಿಯನ್ ರೆಸ್ಟೋರೆಂಟುಗಳನ್ನೇ ನಂಬಬಾರದೇ? ಎರಡು ಮೂರು ದಿನಕ್ಕೊಮ್ಮೆ ರಾತ್ರಿ ಹೋಗಿ, ಮನಸ್ಸಿಗೆ ಸಮಾಧಾನ. ಆದರೆ ಅವು ತಾವಾಗಿಯೇ ಸುರಕ್ಷಿತ ಎಂದುಕೊಳ್ಳಬೇಡಿ. ಹೆಚ್ಚಿನವುಗಳ ಮೆನು ಪಂಜಾಬಿ ಶೈಲಿಯದು, ಒಂದೇ ಅಡುಗೆಮನೆಯಲ್ಲಿ ಕೋಳಿ, ಕುರಿ ಎಲ್ಲವೂ ಬೇಯುತ್ತದೆ, ಸಮೋಸ ಕರಿಯುವ ಎಣ್ಣೆ ಬೇರೆಯಾಗಿರದು, ನಾನ್ ಹಿಟ್ಟಿಗೆ ಮೊಟ್ಟೆ ಹಾಕುವವರೂ ಇದ್ದಾರೆ. ಅಲ್ಲಿಯೂ ಅದೇ ಪ್ರಶ್ನೆಗಳನ್ನು ಕೇಳಬೇಕು. ಹಿಂದಿಯಲ್ಲಿ ಕೇಳಬಹುದು ಎಂಬುದೊಂದೇ ಅನುಕೂಲ.

ರೈಸ್ ಕುಕ್ಕರ್ ಬಿಟ್ಟುಬಿಡಿ. ಹೋಟೆಲ್ ಕೋಣೆಯಲ್ಲಿ ಅಡುಗೆ ಮಾಡುವುದಕ್ಕೆ ಸಾಮಾನ್ಯವಾಗಿ ನಿಷೇಧವಿದೆ. ಉಗಿಗೆ ಹೊಗೆಯ ಅಲಾರಂ ಕೂಗಿದರೆ ದಂಡವೂ ಬೀಳಬಹುದು. ನಮ್ಮ ದಪ್ಪ ಮೂರು ಕಡ್ಡಿಯ ಪ್ಲಗ್ ಅಲ್ಲಿನ ಗೋಡೆಗೆ ಹಿಡಿಯುವುದೂ ಇಲ್ಲ. ಅದರ ಜಾಗದಲ್ಲಿ ಒಳ್ಳೆಯ ಫ್ಲಾಸ್ಕ್ ಒಯ್ಯಿರಿ. ಪ್ಯಾರಿಸ್, ರೋಮುಗಳ ಎಷ್ಟೋ ಹೋಟೆಲ್ ಕೋಣೆಗಳಲ್ಲಿ ಕೆಟಲ್ ಇರುವುದಿಲ್ಲ, ಆದರೆ ತಿಂಡಿ ಬಡಿಸುವ ಕೋಣೆಯಲ್ಲಿ ಬಿಸಿನೀರು ತುಂಬಿಸಿಕೊಡುತ್ತಾರೆ. ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಖಾಖ್ರಾ ಧಾರಾಳವಾಗಿ ಒಯ್ಯಬಹುದು. ತುಪ್ಪ, ಪೇಡ, ಪನೀರ್ ಇರುವ ಸಿದ್ಧ ಊಟದ ಪೊಟ್ಟಣಗಳನ್ನು ಮಾತ್ರ ಬಿಡಿ, ಏಕೆಂದರೆ ಭಾರತದಂಥ ಹೊರದೇಶಗಳಿಂದ ಪ್ರವಾಸಿಗರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವು, ಹಣ್ಣುಗಳಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬಾಳೆ, ತೆಂಗಿನಕಾಯಿ, ಅನಾನಸ್, ಖರ್ಜೂರ, ಡುರಿಯನ್‌ಗಳಿಗೆ ಮಾತ್ರ ವಿನಾಯಿತಿ. ಮೈಸೂರುಪಾಕಿನ ಡಬ್ಬಿಯ ಮೇಲೆ ಕಸ್ಟಮ್ಸ್ ಅಧಿಕಾರಿಯ ಜೊತೆ ವಾದ ಮಾಡುವ ಹೊತ್ತು ನಿಮಗೆ ಇರುವುದಿಲ್ಲ.

ನೀರಿನ ಭಯಕ್ಕೆ ಆಧಾರವೇ ಇಲ್ಲ. ಈ ಆರೂ ಊರುಗಳಲ್ಲಿ ನಲ್ಲಿ ನೀರು ಕುಡಿಯಲು ಯೋಗ್ಯ. ರೈಲಿನ ಶೌಚಾಲಯದ ನೀರು, ಕುಡಿಯಬಾರದು ಎಂದು ಫಲಕವಿರುವ ಕಾರಂಜಿಗಳು ಇವಷ್ಟೇ ಅಪವಾದ. ಫ್ರಾನ್ಸಿನಲ್ಲಿ ‘ಕರಾಫ್ ದೋ’ ಎಂದು ಕೇಳಿದರೆ ಹೂಜಿಯಲ್ಲಿ ನಲ್ಲಿ ನೀರನ್ನು ಉಚಿತವಾಗಿ ಕೊಡಬೇಕೆಂದು ಕಾನೂನೇ ಇದೆ. ಬರಿದೇ ನೀರು ಎಂದರೆ ಬಾಟಲಿ ತಂದಿಡುತ್ತಾರೆ. ವಿಯೆನ್ನಾಕ್ಕೆ 1873ರಿಂದ ಆಲ್ಪ್ಸ್ ಬೆಟ್ಟದ ಬುಗ್ಗೆಗಳ ನೀರು ಹರಿದುಬರುತ್ತಿದೆ, ಕಾಫಿಯ ತಟ್ಟೆಯಲ್ಲೇ ಒಂದು ಲೋಟ ಇಟ್ಟು ತರುತ್ತಾರೆ. ರೋಮಿನ ಬೀದಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ‘ನಸೋನಿ’ ನಲ್ಲಿಗಳಿವೆ, 1870ರ ದಶಕದಿಂದ ಬಂದದ್ದು. ಬಾಗಿದ ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆಯೇ ಕುಡಿಯಬಹುದು; ಅತ್ತೆಯವರಿಗೆ ತೋರಿಸಿಕೊಡಿ. ಇಟಲಿಯ ರೆಸ್ಟೋರೆಂಟಿನೊಳಗೆ ಮಾತ್ರ ಬಾಟಲಿ ನೀರೇ ರೂಢಿ, ಸ್ವಿಟ್ಜರ್ಲೆಂಡಿನಲ್ಲಿ ನಲ್ಲಿ ನೀರಿಗೂ ಕೆಲವರು ಹಣ ಕೇಳುತ್ತಾರೆ. ಬಿಯರ್‌ಗಿಂತ ನೀರು ದುಬಾರಿ ಎಂಬ ಮಾತಿಗೆ ಪ್ರಾಗಿನ ಕೆಲವು ಪಬ್ಬುಗಳಲ್ಲಷ್ಟೇ ಹುರುಳಿದೆ.

ಯಜಮಾನರಿಗೆ ಈಗ. ಫ್ಲಾರೆನ್ಸಿನಲ್ಲಿ ಬಾಟಲಿ ಕೊಳ್ಳದೆ ‘ಹೌಸ್ ವೈನ್’, ಅಂದರೆ ರೆಸ್ಟೋರೆಂಟಿನವರೇ ಬಿಡಿಯಾಗಿ ಕೊಡುವ ವೈನನ್ನು, ಕಾಲು ಅಥವಾ ಅರ್ಧ ಲೀಟರಿನ ಹೂಜಿಯಲ್ಲಿ ಕೇಳಲಿ, ಸುತ್ತಲಿನ ಕಿಯಾಂತಿ ಸೀಮೆಯ ವೈನೇ ಬರುವುದು ಹೆಚ್ಚು. ಸೆಪ್ಟೆಂಬರ್ ಕೊನೆಗೆ ವಿಯೆನ್ನಾ ಮುಟ್ಟುವುದು ಒಂದು ಅದೃಷ್ಟ: ಆಗ ‘ಸ್ಟುರ್ಮ್’ ಸಿಗುತ್ತದೆ. ಅದು ಇನ್ನೂ ಹುದುಗುತ್ತಿರುವ ಹೊಸ ದ್ರಾಕ್ಷಾರಸ, ಮೋಡದಂತೆ ಕದಡಿರುತ್ತದೆ, ಸಿಹಿ. ಪ್ರಾಗಿನಲ್ಲಿ ಇದರದೇ ಇನ್ನೊಂದು ಹೆಸರು ಬುರ್ಚಾಕ್. ಅಲ್ಲಿ ಆಗಸ್ಟ್ 1ರಿಂದ ನವೆಂಬರ್ 30ರ ತನಕ ಮಾತ್ರ ಮಾರಾಟಕ್ಕೆ ಅವಕಾಶ. ಜ್ಯೂಸಿನಂತೆ ಇಳಿಯುತ್ತದೆ, ಆದರೆ ಅದು ಮದ್ಯವೇ, ಹೊಟ್ಟೆಯನ್ನೂ ಸಡಿಲಿಸುತ್ತದೆ. ಮರುದಿನ ಬೆಳಗ್ಗೆ ರೈಲಿದ್ದರೆ ಒಂದು ಲೋಟಕ್ಕೆ ನಿಲ್ಲಿಸುವುದು ಲೇಸು. ಮಗನ ವಿಷಯ ನೀವು ಕೇಳಿಲ್ಲ, ಆದರೂ ಪ್ರಸಂಗ ಬಂದೀತು: ವಿಯೆನ್ನಾ ಮತ್ತು ಲ್ಯೂಸರ್ನ್‌ನಲ್ಲಿ ಬಿಯರ್, ವೈನಿಗೆ ಕನಿಷ್ಠ ವಯಸ್ಸು 16, ಉಳಿದ ಮೂರು ದೇಶಗಳಲ್ಲಿ 18. ಕಾನೂನು ಒಪ್ಪಿದಲ್ಲಿ ಮನೆಯವರು ಒಪ್ಪುತ್ತೀರೋ ಎಂಬುದನ್ನು ಇಲ್ಲೇ ಮಾತಾಡಿ ಮುಗಿಸಿ.

ಟಿಪ್ಸ್ ಲೆಕ್ಕ ಸುಲಭ. ಫ್ರಾನ್ಸಿನ ಬೆಲೆಗಳಲ್ಲಿ ಸೇವಾಶುಲ್ಕ ಸೇರಿಯೇ ಇದೆ, ಇಟಲಿ ಮತ್ತು ಸ್ವಿಟ್ಜರ್ಲೆಂಡಿನಲ್ಲೂ ಕಡ್ಡಾಯವಿಲ್ಲ. ವಿಯೆನ್ನಾ, ಪ್ರಾಗಿನಲ್ಲಿ ಶೇ. 5ರಿಂದ 10ರಷ್ಟು ಕೊಡುವ ವಾಡಿಕೆಯಿದೆ; ಮೇಜಿನ ಮೇಲೆ ಬಿಟ್ಟು ಬರುವುದಿಲ್ಲ, ಹಣ ಕೊಡುವಾಗಲೇ ಟಿಪ್ಸ್ ಸೇರಿಸಿ ಒಟ್ಟು ಮೊತ್ತ ಹೇಳುತ್ತಾರೆ.

ಪ್ರಾಗಿನ ಹಳೆಯ ಪಬ್ಬುಗಳಲ್ಲಿ ಇನ್ನೊಂದು ಪದ್ಧತಿಯಿದೆ. ಮೇಜಿನ ಮೇಲೆ ಒಂದು ಕಾಗದದ ಚೂರು ಇಟ್ಟು, ಪ್ರತಿ ಅರ್ಧ ಲೀಟರ್ ಬಿಯರಿಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಾರೆ. ಲೋಟ ಖಾಲಿಯಾಗುತ್ತಿದ್ದಂತೆ ಕೇಳದೆಯೇ ಇನ್ನೊಂದು ತಂದಿಟ್ಟು ಇನ್ನೊಂದು ಗೆರೆ. ಸಾಕು ಎನ್ನಲು ಲೋಟದ ಅಡಿಯ ರಟ್ಟನ್ನು ತೆಗೆದು ಲೋಟದ ಮೇಲೆ ಮುಚ್ಚಬೇಕು. ಅಲ್ಲಿನ ನಾಣ್ಯ ಯೂರೊ ಅಲ್ಲ, ಕೊರೂನಾ. ಕಾರ್ಡಿನ ಯಂತ್ರ ರೂಪಾಯಿಯಲ್ಲಿ ಪಾವತಿಸುವಿರಾ ಎಂದು ಕೇಳಿದರೆ ಬೇಡವೆಂದು ಒತ್ತಿ ಕೊರೂನಾವನ್ನೇ ಆರಿಸಿಕೊಳ್ಳಿ. ರೂಪಾಯಿಗೆ ಬದಲಾಯಿಸಿ ತೋರಿಸುವ ದರದಲ್ಲಿ ಯಂತ್ರದವರ ಲಾಭ ಸೇರಿರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕಿಗೂ ಇದೇ ಮಾತು.